ಹಾಯಿ ಯಾಟ್‌ನ ಡೆಕ್ ವೆಂಟಿಲೇಟರ್‌ನಿಂದ ನೀರು ಒಳಗಿಳಿಯುತ್ತಿದ್ದರೆ: ಕಾರಣ ಪತ್ತೆ ಮತ್ತು ದುರಸ್ತಿ

ಹಾಯಿ ಯಾಟ್‌ನ ಕ್ಯಾಬಿನ್ನಿನಲ್ಲಿ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕತೊಡಗಿದರೆ ಅನುಮಾನ ಮೊದಲು ಬೀಳುವುದು ಅದರ ನೆತ್ತಿಯ ಮೇಲಿರುವ ಡೆಕ್ ವೆಂಟಿಲೇಟರಿನ ಮೇಲೆ, ಕೈ ಮೊದಲು ಹೋಗುವುದು ಸಂದುಗಳನ್ನು ಮುಚ್ಚುವ ಅಂಟಿನ, ಅಂದರೆ ಸೀಲಂಟ್ ಟ್ಯೂಬಿನ ಕಡೆಗೆ. ಅನುಮಾನ ಹಲವು ಸಲ ನಿಜವಾಗುತ್ತದೆ. ಸೀಲಂಟ್ ಮಾತ್ರ ಬಹುತೇಕ ಸಂದರ್ಭಗಳಲ್ಲಿ ದೋಷವನ್ನು ನಿವಾರಿಸುವುದಿಲ್ಲ, ಕೆಲವೊಮ್ಮೆ ಹೆಚ್ಚಿಸುವುದೂ ಉಂಟು. ಏಕೆಂದರೆ ಡೊರೇಡ್ ಮಾದರಿಯ ವೆಂಟಿಲೇಟರ್ ನೀರನ್ನು ಹೊರಗೇ ತಡೆದು ನಿಲ್ಲಿಸುವ ಸಾಧನವಲ್ಲ. ಅದು ಗಾಳಿಯ ಜೊತೆಗೆ ನೀರನ್ನೂ ಒಳಕ್ಕೆ ಬಿಟ್ಟುಕೊಂಡು, ಪೆಟ್ಟಿಗೆಯೊಳಗೆ ಎರಡನ್ನೂ ಬೇರ್ಪಡಿಸಿ, ಗಾಳಿಯನ್ನು ಕ್ಯಾಬಿನ್ನಿಗೂ ನೀರನ್ನು ಮರಳಿ ಡೆಕ್ಕಿಗೂ ಕಳಿಸುವ ಸಾಧನ. ಆದ್ದರಿಂದ ಪತ್ತೆ ಕಾರ್ಯವನ್ನು ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗಿಂತ, ಬಂದ ನೀರು ಏಕೆ ಹೊರಗೆ ಹೋಗಲಿಲ್ಲ ಎಂಬ ಪ್ರಶ್ನೆಯಿಂದ ಆರಂಭಿಸುವುದು ಲಾಭಕರ.

ಈ ಬರಹದಲ್ಲಿ ಮುಖ್ಯವಾಗಿ 30ರಿಂದ 45 ಅಡಿ ಉದ್ದದ ಫೈಬರ್‌ಗ್ಲಾಸ್ ಯಾಟ್‌ಗಳ ಕ್ಯಾಬಿನ್ ಮಾಡಿನ ಮೇಲೆ ಕೂರಿಸಿರುವ ಡೊರೇಡ್ ಪೆಟ್ಟಿಗೆಗಳನ್ನು ಪರಿಗಣಿಸಲಾಗಿದೆ. ಅಣಬೆಯಾಕಾರದ ವೆಂಟಿಲೇಟರ್, ಸೌರ ಫ್ಯಾನಿನ ವೆಂಟಿಲೇಟರ್ ಮತ್ತು ಚಿಪ್ಪಿನಾಕಾರದ ಮುಸುಕುಗಳ ಬಗ್ಗೆ ಕೊನೆಯ ಭಾಗದಲ್ಲಿ ಚುಟುಕಾಗಿ ಹೇಳಿದೆ.

ಪೆಟ್ಟಿಗೆಯ ಒಳಗೆ ಏನಾಗಬೇಕು

ಓಲಿನ್ ಸ್ಟೀಫನ್ಸ್ ವಿನ್ಯಾಸಗೊಳಿಸಿದ 52 ಅಡಿಯ 'ಡೊರೇಡ್' ಎಂಬ ಯಾಟ್ 1930ರಲ್ಲಿ ನೀರಿಗಿಳಿದು, 1931ರಲ್ಲಿ ಅಮೆರಿಕದ ನ್ಯೂಪೋರ್ಟ್‌ನಿಂದ ಇಂಗ್ಲೆಂಡಿನ ಪ್ಲಿಮತ್‌ವರೆಗಿನ ಅಟ್ಲಾಂಟಿಕ್ ಸ್ಪರ್ಧೆಯನ್ನೂ ಅದೇ ವರ್ಷದ ಫಾಸ್ಟ್‌ನೆಟ್ ಸ್ಪರ್ಧೆಯನ್ನೂ ಗೆದ್ದಿತು. ಆ ದೋಣಿಯ ಹೆಸರು ಇಂದು ಹೆಚ್ಚು ಜನರ ಬಾಯಲ್ಲಿ ಉಳಿದಿರುವುದು ಅದರ ಗೆಲುವುಗಳಿಂದಲ್ಲ, ಓಲಿನ್ ಅವರ ತಮ್ಮ ರಾಡ್ ಸ್ಟೀಫನ್ಸ್ ಅದರ ಡೆಕ್ಕಿಗಾಗಿ ರೂಪಿಸಿದ ಗಾಳಿಪೆಟ್ಟಿಗೆಯಿಂದ. ಉಪಾಯ ಸರಳವಾದುದು. ತುತ್ತೂರಿ ಬಾಯಿಯಂತಹ ಕೌಲ್ ಪೆಟ್ಟಿಗೆಯ ಒಂದು ತುದಿಯಲ್ಲಿ ನಿಲ್ಲುತ್ತದೆ. ಕ್ಯಾಬಿನ್ನಿಗೆ ಇಳಿಯುವ ಕೊಳವೆ ಇನ್ನೊಂದು ತುದಿಯಲ್ಲಿ, ಡೆಕ್ಕಿನ ಮಟ್ಟಕ್ಕಿಂತ ಕೆಲವು ಸೆಂಟಿಮೀಟರ್ ಮೇಲಕ್ಕೆ ತಲೆಯೆತ್ತಿ ನಿಂತಿರುತ್ತದೆ. ಕೌಲಿನಿಂದ ಬಿದ್ದ ನೀರು ಪೆಟ್ಟಿಗೆಯ ತಳಕ್ಕೆ ಹೋಗಿ, ತಳದ ಮೂಲೆಗಳಲ್ಲಿರುವ ತೂಬುಗಳ ಮೂಲಕ ಡೆಕ್ಕಿಗೆ ಹರಿಯುತ್ತದೆ. ಹಗುರವಾದ ಗಾಳಿ ಮಾತ್ರ ತಿರುಗಿ ಮೇಲೇರಿ ಕೊಳವೆಯ ಬಾಯಿಗೆ ಇಳಿಯುತ್ತದೆ. ಕೌಲ್ ಮತ್ತು ಕೊಳವೆಯ ನಡುವೆ ಅರ್ಧ ಎತ್ತರದ ಒಂದು ತಡೆಹಲಗೆ ಇದ್ದರೆ ಸಿಡಿದ ಹನಿಗಳು ನೇರವಾಗಿ ಕೊಳವೆಗೆ ಹಾರುವುದು ತಪ್ಪುತ್ತದೆ.

ಮುಂದಿನ ಲೆಕ್ಕಗಳಿಗೆ ಒಂದು ಮಾದರಿ ಪೆಟ್ಟಿಗೆಯನ್ನು ಇಟ್ಟುಕೊಳ್ಳೋಣ: ಒಳ ಅಳತೆ 40 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ, ಕೌಲಿನ ಕುತ್ತಿಗೆ 10 ಸೆಂ.ಮೀ. ವ್ಯಾಸ, ಒಳಕೊಳವೆ 7.5 ಸೆಂ.ಮೀ. ವ್ಯಾಸ, 7.5 ಸೆಂ.ಮೀ. ಎತ್ತರ, ತೂಬುಗಳು 10 ಮಿ.ಮೀ. ವ್ಯಾಸದ ಎರಡು ರಂಧ್ರಗಳು. ನಿಮ್ಮ ದೋಣಿಯ ಅಳತೆಗಳು ಬೇರೆ ಇರಬಹುದು, ಆದರೆ ತರ್ಕ ಬದಲಾಗುವುದಿಲ್ಲ.

ಉಪಕರಣ ಮುಟ್ಟುವ ಮೊದಲು

ಯಾವ ನೀರು, ಯಾವ ಹೊತ್ತಿನಲ್ಲಿ, ದೋಣಿ ಯಾವ ಕಡೆಗೆ ವಾಲಿದಾಗ ಎಂಬ ಮೂರು ಸಂಗತಿಗಳನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಈ ಮೂರರಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ತೊಟ್ಟಿಕ್ಕುವ ನೀರು ಉಪ್ಪೋ ಸಿಹಿಯೋ ಎಂದು ತಿಳಿಯುವುದು ಕಷ್ಟವಲ್ಲ. ಒಂದೆರಡು ಹನಿಗಳನ್ನು ಗಾಜಿನ ತುಂಡಿನ ಮೇಲೆ ಬಿಟ್ಟು ಒಣಗಿಸಿದರೆ ಸಮುದ್ರದ ನೀರು ಬಿಳಿಯ ಹರಳಿನ ಪದರವನ್ನು ಬಿಡುತ್ತದೆ; ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವಾಗ ಈ ಗುರುತು ಕಣ್ತಪ್ಪುವಂತಿಲ್ಲ. ಸರಕು ಹಡಗುಗಳ ತಪಾಸಣೆ ನಡೆಸುವವರು ಇದೇ ಕೆಲಸಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಬಳಸುತ್ತಾರೆ, ಹಾಲಿನಂತಹ ಬಿಳುಪು ಕಂಡರೆ ಕ್ಲೋರೈಡ್ ಇದೆ ಎಂದು ಅರ್ಥ. ಆದರೆ ಯಾಟ್‌ಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಪೆಟ್ಟಿಗೆಯೊಳಗೆ ಹಿಂದಿನ ಪ್ರಯಾಣದ ಉಪ್ಪು ಒಣಗಿ ಅಂಟಿಕೊಂಡಿದ್ದರೆ ಮಳೆಯ ನೀರು ಕೂಡ ಅದನ್ನು ಕರಗಿಸಿಕೊಂಡು ಉಪ್ಪಾಗಿಯೇ ಇಳಿಯುತ್ತದೆ. ಆದ್ದರಿಂದ ಪರೀಕ್ಷೆಗೆ ಮುನ್ನ ಪೆಟ್ಟಿಗೆಯನ್ನು ಸಿಹಿನೀರಿನಿಂದ ತೊಳೆದು ಒಣಗಿಸಿರಬೇಕು.

ಬಣ್ಣವೂ ಮಾತಾಡುತ್ತದೆ. ತೊಟ್ಟು ತಿಳಿಯಾಗಿದ್ದರೆ ಅದು ಬಂದ ದಾರಿ ಚಿಕ್ಕದು. ಚಹಾದ ಬಣ್ಣಕ್ಕೆ ತಿರುಗಿ, ತುಸು ಹುಳಿ ವಾಸನೆ ಬರುತ್ತಿದ್ದರೆ ಅದು ಡೆಕ್ಕಿನ ಎರಡು ಫೈಬರ್‌ಗ್ಲಾಸ್ ಪದರಗಳ ನಡುವಿನ ಬಾಲ್ಸಾ ಮರದ ತಿರುಳಿನಲ್ಲಿ ದಿನಗಟ್ಟಲೆ ನಿಂತು ಬಂದ ನೀರು. ಇಂತಹ ತೊಟ್ಟು ಮಳೆ ನಿಂತು ಎರಡು ದಿನವಾದ ಮೇಲೂ ಬೀಳುತ್ತಿರುತ್ತದೆ. ಹಾಗಾದಲ್ಲಿ ಕೌಲನ್ನೂ ತೂಬನ್ನೂ ಬಿಟ್ಟು ನೇರವಾಗಿ ತಳದ ಕೂಡಿನ ಭಾಗಕ್ಕೆ ಹೋಗಬಹುದು.

ಮಳೆಯೂ ಇಲ್ಲದ, ದೋಣಿ ಕಟ್ಟಿದಲ್ಲೇ ನಿಂತಿದ್ದ ರಾತ್ರಿಯ ಬೆಳಗಿನ ಜಾವಕ್ಕೆ ತಿಳಿಯಾದ ತೊಟ್ಟು ಬಿದ್ದರೆ ಅದು ಸೋರಿಕೆಯೇ ಅಲ್ಲ. ಕ್ಯಾಬಿನ್ನಿನೊಳಗಿನ ತೇವದ ಗಾಳಿ ವೆಂಟಿಲೇಟರಿನ ತಣ್ಣನೆಯ ಲೋಹಕ್ಕೆ ತಾಗಿ ಹನಿಗಟ್ಟಿದೆ, ಅಷ್ಟೆ. ಉತ್ತರ ಯುರೋಪಿನ ತಣ್ಣೀರಿನಲ್ಲಿ ವಸಂತ ಮತ್ತು ಶರತ್ಕಾಲಗಳಲ್ಲಿ ಇದು ಸರ್ವೇಸಾಮಾನ್ಯ. ನಾಲ್ವರು ಮಲಗಿ ಉಸಿರಾಡಿದ್ದು ಸಾಲದೆಂಬಂತೆ ಅಡುಗೆಯ ಗ್ಯಾಸ್ ಕೂಡ ನೀರನ್ನು ಹೊರಬಿಡುತ್ತದೆ. 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಉಂಟಾಗುತ್ತದೆ. ಅದೇ ಬೆಳಿಗ್ಗೆ ಹ್ಯಾಚಿನ (ಡೆಕ್ಕಿನ ಮೇಲ್ಬಾಗಿಲಿನ) ಅಲ್ಯೂಮಿನಿಯಂ ಚೌಕಟ್ಟಿನ ಒಳಬದಿಯನ್ನು ಬೆರಳಿನಿಂದ ಸವರಿ ನೋಡಿ: ಅಲ್ಲಿಯೂ ಹನಿಗಳಿದ್ದರೆ ಸಂಶಯ ಉಳಿಯುವುದಿಲ್ಲ. ಇಲ್ಲಿ ವೆಂಟಿಲೇಟರನ್ನು ಮುಚ್ಚಿಬಿಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಗಾಳಿಯ ಓಡಾಟ ನಿಂತು ಮರುದಿನ ಕ್ಯಾಬಿನ್ ಇನ್ನಷ್ಟು ಒದ್ದೆಯಾಗುತ್ತದೆ. ಬೇಕಾಗಿರುವುದು ಇನ್ನೊಂದು ವೆಂಟಿಲೇಟರನ್ನು ತೆರೆಯುವುದು ಮತ್ತು ಲೋಹದ ಒಳಮೈಗೆ ತೆಳುವಾದ ಫೋಮ್ ಹಾಳೆಯನ್ನು ಅಂಟಿಸುವುದು.

ಇನ್ನು ವಾಲುವಿಕೆಯ ಸಂಗತಿ. ದೋಣಿ ಎಡಕ್ಕೆ ವಾಲಿದಾಗ ಮಾತ್ರ ಅಥವಾ ಬಲಕ್ಕೆ ವಾಲಿದಾಗ ಮಾತ್ರ ನೀರು ಇಳಿಯುತ್ತಿದ್ದರೆ ಆ ಒಂದು ವಿವರ ಉಳಿದೆಲ್ಲಕ್ಕಿಂತ ಬೆಲೆಬಾಳುವಂಥದ್ದು. ಕೌಲ್ ಒಡೆದಿದ್ದರೆ ಎರಡೂ ಕಡೆ ಸೋರುತ್ತದೆ. ಒಂದೇ ಕಡೆಗೆ ಸೋರುವುದಾದರೆ ಆ ಬದಿಯ ತೂಬು ಕಟ್ಟಿದೆ, ಇಲ್ಲವೇ ಒಳಕೊಳವೆ ಆ ಬದಿಯ ತಗ್ಗಿನಲ್ಲಿದೆ, ಇಲ್ಲವೇ ನೀರು ವೆಂಟಿಲೇಟರಿನದ್ದೇ ಅಲ್ಲ.

ಮುಚ್ಚಿ ನೋಡುವ ವಿಧಾನ

ನೀರು ಬೇರೆಲ್ಲಿಂದಲೋ ಹೊರಟು ಒಳಮಾಡಿನ ಹೊದಿಕೆಯ ಮೇಲೆ ಹರಿದು ವೆಂಟಿಲೇಟರಿನ ಅಂಚಿನಲ್ಲಿ ಕೆಳಗೆ ಬೀಳುವುದು ಅಪರೂಪವೇನಲ್ಲ. ಹಾಯಿಕಂಬ ಡೆಕ್ಕನ್ನು ತೂರಿಹೋಗುವ ಸ್ಥಳ, ಕೈಹಿಡಿಯ ಬೋಲ್ಟುಗಳು, ಮುಂಭಾಗದ ಹ್ಯಾಚಿನ ಹಿಂಜುಗಳು ಈ ವಿಷಯದಲ್ಲಿ ಹಳೆಯ ಅಪರಾಧಿಗಳು. ಒಳಮಾಡಿನಲ್ಲಿ ವೆಂಟಿಲೇಟರಿಗಾಗಿ ಕೊರೆದ ರಂಧ್ರವೇ ನೀರಿಗೆ ಮೊದಲ ಹೊರದಾರಿಯಾಗಿರುವುದರಿಂದ ದೂರು ಅದರ ಮೇಲೆ ಬರುತ್ತದೆ. ಆದ್ದರಿಂದ ಒಳಗಿನ ಅಲಂಕಾರದ ಬಳೆಯನ್ನು ಬಿಚ್ಚಿ, ಕೊಳವೆಯ ಒಳಗೋಡೆಗೂ ಅದರ ಹೊರಸುತ್ತಿಗೂ ಪ್ರತ್ಯೇಕವಾಗಿ ಟಿಶ್ಯೂ ಕಾಗದವನ್ನು ಟೇಪಿನಿಂದ ಅಂಟಿಸಬೇಕು. ಒಳಗೋಡೆಯ ಕಾಗದ ಒದ್ದೆಯಾದರೆ ನೀರು ಪೆಟ್ಟಿಗೆಯೊಳಗಿನಿಂದ ಬಂದಿದೆ. ಹೊರಸುತ್ತಿನದು ಮಾತ್ರ ಒದ್ದೆಯಾದರೆ ತಳದ ಕೂಡಿನಿಂದ ಅಥವಾ ದೂರದಿಂದ ಹರಿದು ಬಂದಿದೆ.

ಒಳಗೋಡೆ ಒದ್ದೆಯಾಯಿತು ಎಂದುಕೊಳ್ಳೋಣ. ಮುಂದಿನ ಪ್ರಯಾಣದಲ್ಲಿ ಕೌಲನ್ನು ತಿರುಚಿ ತೆಗೆದು, ಅದರ ಜಾಗಕ್ಕೆ ಜೊತೆಯಲ್ಲಿ ಬಂದಿರುವ ಮುಚ್ಚಳವನ್ನು ಬಿಗಿದು, ಹಿಂದೆ ಸೋರಿದಂತಹದೇ ಗಾಳಿ ಮತ್ತು ಅಲೆಗಳಲ್ಲಿ ಅದೇ ಕಡೆಗೆ ವಾಲಿಸಿ ದೋಣಿ ನಡೆಸಬೇಕು. ಸೋರಿಕೆ ಪೂರ್ತಿ ನಿಂತರೆ ನೀರು ಕೌಲಿನಿಂದಲೇ ಬರುತ್ತಿತ್ತು ಮತ್ತು ಪೆಟ್ಟಿಗೆಗೆ ಅದನ್ನು ಹೊರಹಾಕಲು ಆಗುತ್ತಿರಲಿಲ್ಲ. ಸೋರಿಕೆ ಮುಂದುವರಿದರೆ ನೀರು ತೂಬಿನ ಮೂಲಕವೇ ಹಿಮ್ಮುಖವಾಗಿ ನುಗ್ಗುತ್ತಿದೆ, ಅಥವಾ ಪೆಟ್ಟಿಗೆಯ ಮುಚ್ಚಳದ ಕೂಡು ಬಿಟ್ಟಿದೆ. ಡೆಕ್ಕಿನ ಮೇಲೆ ರಭಸದಿಂದ ಹಿಂದಕ್ಕೆ ಓಡುವ ನೀರು ಮುಂದಿನ ಗೋಡೆಯಲ್ಲಿರುವ ತೂಬಿಗೆ ಅಪ್ಪಳಿಸಿದಾಗ ಅದು ಒಳದಾರಿಯಾಗಿಬಿಡುತ್ತದೆ ಎಂಬುದನ್ನು ಪೆಟ್ಟಿಗೆ ಕಟ್ಟಿದವರೇ ಅನೇಕ ಸಲ ಮರೆತಿರುತ್ತಾರೆ.

ದಡದಲ್ಲಿ ಹೋಸ್ ಪೈಪಿನಿಂದ ಪರೀಕ್ಷಿಸುವವರು ಕೆಳಗಿನಿಂದ ಮೇಲಕ್ಕೆ ಹೋಗುವ ಕ್ರಮವನ್ನು ತಪ್ಪಿಸಬಾರದು. ಮೊದಲು ಪೆಟ್ಟಿಗೆಯ ತಳದ ಅಂಚಿನ ಸುತ್ತ ನೀರು ನಿಲ್ಲುವಂತೆ ಮೆದುವಾಗಿ ಹರಿಸಿ, ಕೆಲವು ನಿಮಿಷ ಕಾಯಬೇಕು. ಒಳಗೆ ಟಾರ್ಚ್ ಹಿಡಿದ ಇನ್ನೊಬ್ಬರು ನೋಡುತ್ತಿರಬೇಕು. ಅನಂತರ ಸ್ಕ್ರೂಗಳು, ಮುಚ್ಚಳದ ಕೂಡು, ಕೌಲಿನ ಬಳೆ, ಕಟ್ಟಕಡೆಗೆ ಕೌಲಿನ ಬಾಯಿ. ಮೊದಲೇ ಕೌಲಿನ ಬಾಯಿಗೆ ನೀರು ಬಿಟ್ಟರೆ ಎಲ್ಲವೂ ಒದ್ದೆಯಾಗಿ, ಯಾವ ಹನಿ ಯಾವ ದಾರಿಯಲ್ಲಿ ಬಂತೆಂದು ಹೇಳಲು ಯಾರಿಂದಲೂ ಆಗದು. ಅಡುಗೆಯ ಬಣ್ಣವನ್ನು ಕಲಸಿದ ನೀರು ಇಂತಹ ಗೊಂದಲಕ್ಕೆ ಒಳ್ಳೆಯ ಉಪಾಯ, ಆದರೆ ಬಿಳಿಯ ಡೆಕ್ಕಿನ ಮೇಲೆ ಕೆಂಪು ಬಣ್ಣ ಬಳಸುವ ಮುನ್ನ ಮರೆಯಲ್ಲಿ ಒಂದು ಹನಿ ಹಾಕಿ ಕಲೆ ಉಳಿಯುತ್ತದೆಯೇ ನೋಡುವುದು ಮೇಲು.

ತೂಬುಗಳು

ಕಾರಣ ಪೆಟ್ಟಿಗೆಯೊಳಗೇ ಇದೆ ಎಂದು ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ತೂಬುಗಳನ್ನು. ತೇಗದ ಪೆಟ್ಟಿಗೆಗಳಿಗೆ ವರ್ಷವರ್ಷವೂ ವಾರ್ನಿಷ್ ಬಳಿಯುವ ದೋಣಿಗಳಲ್ಲಿ ತೂಬಿನ ಬಾಯಿಯನ್ನು ಹತ್ತಿರದಿಂದ ನೋಡಿದರೆ ಒಂದರ ಮೇಲೊಂದು ಹೊಂಬಣ್ಣದ ಪದರಗಳು ರಂಧ್ರದೊಳಕ್ಕೆ ಇಳಿದು ಗಟ್ಟಿಯಾಗಿರುವುದು ಕಾಣುತ್ತದೆ, 10 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಭಾಗವನ್ನು ತೂರಿಸಲು ಹೋದರೆ ಹೋಗುವುದಿಲ್ಲ, 6 ಮಿ.ಮೀ. ಡ್ರಿಲ್ ಬಿಟ್ ಮಾತ್ರ ತೂರುತ್ತದೆ. ವ್ಯಾಸ 10ರಿಂದ 6ಕ್ಕೆ ಇಳಿದರೆ ದಾರಿಯ ವಿಸ್ತೀರ್ಣ ಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿದಂತೆ. ಬೆಚ್ಚಗಿನ ದೇಶಗಳಲ್ಲಿ ಕಣಜಗಳು ಇದೇ ರಂಧ್ರದಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ಮಾಡನ್ನು ತೊಳೆದಾಗ ಬಂದ ಎಲೆಯ ಚೂರು, ಕೂದಲು, ಉಪ್ಪು ಸೇರಿ ಒಳಬದಿಯಲ್ಲಿ ಬೆಣೆಯಂತಾಗಿ ಕೂರುವುದೂ ಇದೆ. ಹೊರಗಿನಿಂದ ರಂಧ್ರ ತೆರೆದೇ ಕಾಣುತ್ತದೆ ಎಂಬುದರಿಂದ ಸಮಾಧಾನಪಟ್ಟುಕೊಳ್ಳಬಾರದು. ತಂತಿ ಹಾಯಿಸಿಯೇ ನೋಡಬೇಕು.

ಆಮೇಲೆ ಅಳೆಯಬೇಕು. ದೋಣಿ ಸಮತಟ್ಟಾಗಿ ನಿಂತಿರುವಾಗ ಕೌಲಿನ ಜಾಗದಿಂದ ಒಂದು ಲೀಟರ್ ನೀರನ್ನು ನಿಧಾನವಾಗಿ ಸುರಿದು, ಪೆಟ್ಟಿಗೆ ಖಾಲಿಯಾಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಬೇಕು. ಹೊರಬಿದ್ದ ನೀರನ್ನು ಬಟ್ಟಲಲ್ಲಿ ಹಿಡಿದರೆ ಎಷ್ಟು ಒಳಗೇ ಉಳಿಯಿತೆಂದೂ ತಿಳಿಯುತ್ತದೆ. ತೂಬು ತಳಕ್ಕಿಂತ ಒಂದು ಸೆಂಟಿಮೀಟರ್ ಮೇಲೆ ಕೊರೆಯಲ್ಪಟ್ಟಿರುವ ಪೆಟ್ಟಿಗೆಗಳಲ್ಲಿ ಆ ಒಂದು ಸೆಂಟಿಮೀಟರ್ ನೀರು, ಅಂದರೆ ಮಾದರಿ ಪೆಟ್ಟಿಗೆಯಲ್ಲಿ ಮುಕ್ಕಾಲು ಲೀಟರಿಗೂ ಹೆಚ್ಚು, ಸದಾ ನಿಂತೇ ಇರುತ್ತದೆ, ಮತ್ತು ದೋಣಿ ಅಲುಗಿದಾಗಲೆಲ್ಲ ಕೊಳವೆಯ ಕಡೆಗೆ ಚಿಮ್ಮುತ್ತಿರುತ್ತದೆ.

ಮಾದರಿ ಪೆಟ್ಟಿಗೆಯ ಒಟ್ಟು ಹಿಡಿತ 12 ಲೀಟರ್. ಅದು ಪೂರ್ತಿ ತುಂಬಿದರೆ 10 ಮಿ.ಮೀ.ನ ಎರಡು ರಂಧ್ರಗಳಿಂದ ಖಾಲಿಯಾಗಲು ಸುಮಾರು ಎರಡೂವರೆ ನಿಮಿಷ ಬೇಕು. ಅವುಗಳ ಬದಲು 25 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ಎರಡು ಸೀಳುಗಳಿದ್ದರೆ 40 ಸೆಕೆಂಡು ಸಾಕು. ದೋಣಿ ವಾಲಿದಾಗ ತಗ್ಗಿನ ಬದಿಯ ತೂಬು ಮಾತ್ರ ಕೆಲಸ ಮಾಡುವುದರಿಂದ ಈ ಸಮಯ ಇನ್ನೂ ಹಿಗ್ಗುತ್ತದೆ. ಆದ್ದರಿಂದ ರಂಧ್ರವನ್ನು ದೊಡ್ಡದು ಮಾಡುವುದು ಬಹುತೇಕ ಹಳೆಯ ಪೆಟ್ಟಿಗೆಗಳಿಗೆ ಸರಿಯಾದ ಮೊದಲ ದುರಸ್ತಿ. ಹಿಮ್ಮುಖವಾಗಿ ನುಗ್ಗುವ ನೀರಿನ ತೊಂದರೆ ಇರುವಲ್ಲಿ ಸೀಳುಗಳನ್ನು ಪಕ್ಕದ ಗೋಡೆಗಳ ಹಿಂತುದಿಯಲ್ಲಿ ಕೊರೆದು, ಮುಂದಿನ ಗೋಡೆಯಲ್ಲಿರುವುದನ್ನು ಎಪಾಕ್ಸಿಯಿಂದ ಮುಚ್ಚಬೇಕು. ಸೀಳಿನ ಒಳಗೆ ಎರಡು ಬೆರಳಿನಷ್ಟು ದೂರದಲ್ಲಿ ಒಂದು ಚಿಕ್ಕ ಅಡ್ಡಪಟ್ಟಿಯನ್ನು ನಿಲ್ಲಿಸಿದರೆ ನುಗ್ಗಿದ ನೀರಿನ ರಭಸ ಅಲ್ಲಿಯೇ ಮುರಿಯುತ್ತದೆ. ಪಟ್ಟಿಯ ಎರಡೂ ತುದಿಗಳಲ್ಲಿ ನೀರು ಹೊರಡಲು ಜಾಗ ಬಿಟ್ಟಿರಬೇಕು.

ಒಳಕೊಳವೆಯ ಎತ್ತರ ಮತ್ತು ಜಾಗ

ತೂಬುಗಳು ಸರಿಯಾಗಿದ್ದೂ ಒಂದು ಕಡೆಗೆ ವಾಲಿದಾಗ ನೀರು ಇಳಿಯುತ್ತಿದ್ದರೆ ದೋಷ ವಿನ್ಯಾಸದಲ್ಲಿಯೇ ಇರುವ ಸಾಧ್ಯತೆ ಹೆಚ್ಚು. 25 ಡಿಗ್ರಿ ವಾಲಿದ ದೋಣಿಯಲ್ಲಿ ಪೆಟ್ಟಿಗೆಯ ತಳದ ಮೇಲೆ ತಗ್ಗಿನ ಗೋಡೆಯಿಂದ 10 ಸೆಂ.ಮೀ. ದೂರ ಸರಿದರೆ ನೀರಿನ ಆಳ ಸುಮಾರು 4.7 ಸೆಂ.ಮೀ. ಕಡಿಮೆಯಾಗುತ್ತದೆ. ಈಗ ಮಾದರಿ ಪೆಟ್ಟಿಗೆಯನ್ನು ದೋಣಿಗೆ ಅಡ್ಡಲಾಗಿ ಕೂರಿಸಿದ್ದಾರೆ, ಕೊಳವೆ ಒಂದು ತುದಿಯ ಗೋಡೆಯಿಂದ 4 ಸೆಂ.ಮೀ. ದೂರದಲ್ಲಿದೆ ಎಂದು ಭಾವಿಸೋಣ. ಆ ತುದಿ ಎತ್ತರದಲ್ಲಿರುವಂತೆ ದೋಣಿ ವಾಲಿದಾಗ ಕೊಳವೆಯ ಬಾಯಿ ಮುಟ್ಟಲು ತಗ್ಗಿನ ಗೋಡೆಯ ಬಳಿ ನೀರು ಸುಮಾರು 21 ಸೆಂ.ಮೀ. ಆಳ ನಿಲ್ಲಬೇಕು, ಅದು ಪೆಟ್ಟಿಗೆಯ ಎತ್ತರಕ್ಕಿಂತಲೂ ಹೆಚ್ಚು. ಅದೇ ದೋಣಿ ಇನ್ನೊಂದು ಕಡೆಗೆ ವಾಲಿ ಕೊಳವೆಯ ತುದಿ ತಗ್ಗಿಗೆ ಬಂದಾಗ 9.4 ಸೆಂ.ಮೀ. ಆಳ ಸಾಕಾಗುತ್ತದೆ. ನೀರಿನ ಪ್ರಮಾಣದಲ್ಲಿ ಹೇಳುವುದಾದರೆ, ನೆಟ್ಟಗೆ ನಿಂತ ದೋಣಿಯಲ್ಲಿ ಐದೂವರೆ ಲೀಟರಿಗೂ ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುವ ಪೆಟ್ಟಿಗೆ ಈ ಸ್ಥಿತಿಯಲ್ಲಿ ಎರಡು ಲೀಟರ್ ತುಂಬುವ ಮೊದಲೇ ಕ್ಯಾಬಿನ್ನಿಗೆ ಸುರಿಯತೊಡಗುತ್ತದೆ.

ಪೆಟ್ಟಿಗೆಯನ್ನು ದೋಣಿಯ ಉದ್ದಕ್ಕೆ ಕೂರಿಸಿ, ಕೊಳವೆಯನ್ನು ಪೆಟ್ಟಿಗೆಯ ಅಗಲದ ನಟ್ಟನಡುವೆ ನಿಲ್ಲಿಸಿದ್ದರೆ ಎರಡೂ ಕಡೆಯ ವಾಲುವಿಕೆಯಲ್ಲಿ ಅದು ಒಂದೇ ರೀತಿ ವರ್ತಿಸುತ್ತದೆ. ಹಾಗಿಲ್ಲದ ಹಳೆಯ ದೋಣಿಯಲ್ಲಿ ಡೆಕ್ಕಿನ ರಂಧ್ರವನ್ನು ಸರಿಸುವುದು ದೊಡ್ಡ ಕೆಲಸ; ಕೊಳವೆಯನ್ನು ಎತ್ತರಿಸುವುದು ಚಿಕ್ಕದು. ಎಷ್ಟು ಎತ್ತರಿಸಬಹುದು ಎಂಬುದಕ್ಕೆ ಮಿತಿಯೊಂದಿದೆ. ಕೊಳವೆಯ ಬಾಯಿಗೂ ಪೆಟ್ಟಿಗೆಯ ಮುಚ್ಚಳಕ್ಕೂ ನಡುವೆ ಕೊಳವೆಯ ವ್ಯಾಸದ ಕಾಲು ಭಾಗಕ್ಕಿಂತ ಕಡಿಮೆ ಅಂತರ ಉಳಿದರೆ ಗಾಳಿಯ ದಾರಿ ಕಿರಿದಾಗುತ್ತದೆ. 7.5 ಸೆಂ.ಮೀ. ವ್ಯಾಸದ ಕೊಳವೆಗೆ ಇದು ಸುಮಾರು 2 ಸೆಂ.ಮೀ. ಅಂದರೆ 15 ಸೆಂ.ಮೀ. ಪೆಟ್ಟಿಗೆಯಲ್ಲಿ ಲೆಕ್ಕದ ಪ್ರಕಾರ 13 ಸೆಂ.ಮೀ.ವರೆಗೆ ಹೋಗಬಹುದಾದರೂ, 11ರ ಹತ್ತಿರ ನಿಲ್ಲಿಸಿ ತಡೆಹಲಗೆಯೊಂದನ್ನು ಸೇರಿಸುವುದು ನನ್ನ ಆಯ್ಕೆ. ಮುಚ್ಚಳಕ್ಕೆ ತೀರ ಹತ್ತಿರವಾದ ಬಾಯಿಗೆ ಮುಚ್ಚಳದ ಕೆಳಮೈಯಲ್ಲಿ ಹರಿದು ಬರುವ ಹನಿಗಳು ಸುಲಭವಾಗಿ ಬೀಳುತ್ತವೆ. ಎತ್ತರಿಸುವ ತುಂಡನ್ನು ಹಳೆಯ ಕೊಳವೆಯ ಹೊರಮೈಗೆ ತೊಡಿಸಬೇಕು, ಒಳಮೈಗೆ ತುರುಕಬಾರದು. ಒಳಗೆ ತುರುಕಿದರೆ ವ್ಯಾಸವೂ ಕುಗ್ಗುತ್ತದೆ, ಮೇಲಿನ ತುಂಡಿನ ಹೊರಗೋಡೆಯ ಮೇಲೆ ಇಳಿದ ನೀರು ಹಳೆಯ ಕೊಳವೆಯ ಅಂಚಿನಲ್ಲಿ ನಿಂತು ಕೂಡಿನೊಳಕ್ಕೆ ಜಿನುಗಲು ಹಾದಿಯೂ ಆಗುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು: 1966ರ ಅಂತಾರಾಷ್ಟ್ರೀಯ ಲೋಡ್ ಲೈನ್ ಒಪ್ಪಂದ ದೊಡ್ಡ ಹಡಗುಗಳ ತೆರೆದ ಡೆಕ್ಕಿನ ವೆಂಟಿಲೇಟರ್ ಕಟ್ಟೆಗಳಿಗೆ ಸ್ಥಾನಕ್ಕೆ ತಕ್ಕಂತೆ ಕನಿಷ್ಠ 900 ಮಿ.ಮೀ. ಅಥವಾ 760 ಮಿ.ಮೀ. ಎತ್ತರವನ್ನು ವಿಧಿಸುತ್ತದೆ. ನಮ್ಮ ಯಾಟ್‌ಗಳಲ್ಲಿ ಅದರ ಹತ್ತನೇ ಒಂದು ಭಾಗದಷ್ಟು ಕೊಳವೆ ನಿಲ್ಲಿಸಿ ಒಣ ಹಾಸಿಗೆಯನ್ನು ನಿರೀಕ್ಷಿಸುತ್ತೇವೆ.

ತಳದ ಕೂಡು ಮತ್ತು ಡೆಕ್ಕಿನ ತಿರುಳು

ಚಹಾ ಬಣ್ಣದ ತೊಟ್ಟಿನ ಪ್ರಕರಣದಲ್ಲಿ ಪೆಟ್ಟಿಗೆಯನ್ನು ಕಿತ್ತು ನೋಡದೆ ವಿಧಿಯಿಲ್ಲ. ಅಂಚಿನ ಸುತ್ತ ಹೊರಗಿನಿಂದ ಸಿಲಿಕೋನ್ ಎಳೆಯುವುದು ಈ ವಿಷಯದಲ್ಲಿ ಅತ್ಯಂತ ಕೆಟ್ಟ ದುರಸ್ತಿ: ಮೊದಲನೆಯದಾಗಿ ಅದು ಒಳಗೆ ಸೇರಿದ ನೀರಿಗೆ ಹೊರಬರುವ ಕೊನೆಯ ದಾರಿಯನ್ನೂ ಮುಚ್ಚುತ್ತದೆ, ಎರಡನೆಯದಾಗಿ ಸಿಲಿಕೋನಿನ ಜಿಡ್ಡು ಉಳಿದ ಜಾಗಕ್ಕೆ ಮುಂದೆ ಬಣ್ಣವಾಗಲಿ ಬೇರೆ ಸೀಲಂಟ್ ಆಗಲಿ ಹಿಡಿಯುವುದಿಲ್ಲ. ಅವಸರದಲ್ಲಿ ತೂಬಿನ ಬಾಯಿಯನ್ನೂ ಸೇರಿಸಿ ಮೆತ್ತಿರುವ ಪೆಟ್ಟಿಗೆಗಳೂ ಕಣ್ಣಿಗೆ ಬೀಳುತ್ತವೆ.

ಪೆಟ್ಟಿಗೆ ಕಿತ್ತ ಮೇಲೆ ಸ್ಕ್ರೂ ರಂಧ್ರಗಳಲ್ಲಿ ಬಾಗಿಸಿದ ಮೊಳೆಯನ್ನು ತಿರುಗಿಸಿ ತಿರುಳನ್ನು ಕೆರೆದು ನೋಡಬೇಕು. ಒಣ ಬಾಲ್ಸಾ ತಿಳಿ ಬಣ್ಣದ ಪುಡಿಯಾಗಿ ಬರುತ್ತದೆ. ಕೊಳೆತದ್ದು ಕಪ್ಪಗೆ, ಮೆತ್ತಗೆ, ಒದ್ದೆ ಹೊಟ್ಟಿನಂತೆ ಬೆರಳಿಗೆ ಅಂಟುತ್ತದೆ. ಮರದ ಸುತ್ತಿಗೆಯ ಹಿಡಿಯಿಂದ ಸುತ್ತಲಿನ ಡೆಕ್ಕನ್ನು ತಟ್ಟುತ್ತ ಹೋದರೆ ಗಟ್ಟಿ ಸದ್ದು ಮಂದವಾಗುವ ಗಡಿ ತಿಳಿಯುತ್ತದೆ, ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಗಡಿ ಒಂದೆರಡು ಅಂಗುಲ ಮಾತ್ರವಿದ್ದರೆ ಪ್ರತಿ ರಂಧ್ರವನ್ನೂ ದೊಡ್ಡದಾಗಿ ಕೊರೆದು, ಕೊಳೆತ ತಿರುಳನ್ನು ತೆಗೆದು, ಪೂರ್ತಿ ಒಣಗಿಸಿ, ದಪ್ಪಗೊಳಿಸಿದ ಎಪಾಕ್ಸಿಯನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಸ್ಕ್ರೂವಿನ ಅಳತೆಗೆ ಮತ್ತೆ ಕೊರೆಯಬೇಕು. ಡೆಕ್ಕಿನ ಮುಖ್ಯ ರಂಧ್ರದ ಸುತ್ತಲಿನ ತಿರುಳಿನ ಬರಿಯ ಅಂಚನ್ನೂ ಹಾಗೆಯೇ ಎಪಾಕ್ಸಿಯಿಂದ ಮುಚ್ಚಬೇಕು; ಕಾರ್ಖಾನೆಯಿಂದ ಬಂದ ದೋಣಿಗಳಲ್ಲಿಯೂ ಈ ಅಂಚನ್ನು ಬರಿದಾಗಿ ಬಿಟ್ಟಿರುವುದುಂಟು. ಗಡಿ ಅದಕ್ಕಿಂತ ದೂರ ಹೋಗಿದ್ದರೆ ಮೇಲಿನ ಪದರವನ್ನು ಕತ್ತರಿಸಿ ತಿರುಳನ್ನು ಬದಲಿಸುವ ಕೆಲಸವಾಗುತ್ತದೆ, ಅದು ಈ ಕೈಪಿಡಿಯ ವ್ಯಾಪ್ತಿಯದಲ್ಲ.

ಮರಳಿ ಕೂರಿಸಲು ಬ್ಯೂಟೈಲ್ ಟೇಪ್ ಎಂಬ ಮೆತ್ತನೆಯ ರಬ್ಬರಿನ ಅಂಟುಪಟ್ಟಿ ಉತ್ತಮ. ಸ್ಕ್ರೂ ರಂಧ್ರದ ಬಾಯಿಯನ್ನು ಸ್ವಲ್ಪ ಅಗಲಿಸಿ, ಅಲ್ಲಿ ಟೇಪಿನ ಸಣ್ಣ ಉಂಡೆ ಕೂರುವಂತೆ ಮಾಡಿ, ಒಂದೇ ದಿನ ಪೂರ್ತಿ ಬಿಗಿಯದೆ ಎರಡು ಮೂರು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿದರೆ ಟೇಪ್ ಅಂಚಿನಿಂದ ನಿಧಾನವಾಗಿ ಹೊರಬಂದು ಸಮವಾಗಿ ಕೂರುತ್ತದೆ. ಶಾಶ್ವತವಾಗಿ ಹಿಡಿಯುವ ಪಾಲಿಯುರೆಥೇನ್ ಅಂಟನ್ನು ಇಲ್ಲಿ ಬಳಸಬಾರದು, ಮುಂದಿನ ಸಲ ಪೆಟ್ಟಿಗೆಯ ಜೊತೆ ಡೆಕ್ಕಿನ ಜೆಲ್‌ಕೋಟ್ ಪದರವೂ ಕಿತ್ತು ಬರುತ್ತದೆ. ಪೆಟ್ಟಿಗೆ ಅಥವಾ ಬಳೆ ಎಬಿಎಸ್, ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್‌ನದಾಗಿದ್ದರೆ ಪಾಲಿಸಲ್ಫೈಡ್ ಸೀಲಂಟನ್ನೂ ದೂರವಿಡಬೇಕು, ಅದು ಈ ಪ್ಲಾಸ್ಟಿಕ್‌ಗಳನ್ನು ಬಿರುಕು ಬಿಡಿಸುತ್ತದೆ.

ಇತರ ಬಗೆಯ ವೆಂಟಿಲೇಟರುಗಳು

ಅಣಬೆಯಾಕಾರದವುಗಳಲ್ಲಿ ನಡುವಿನ ತಿರುಪು ಕಡ್ಡಿಯನ್ನು ಒಳಗಿನಿಂದ ತಿರುಗಿಸಿದರೆ ಟೋಪಿ ಕೆಳಗಿಳಿದು ರಬ್ಬರ್ ಬಳೆಯ ಮೇಲೆ ಕೂರುತ್ತದೆ. ಮುಚ್ಚಿದ ಮೇಲೂ ಸೋರುವುದಾದರೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆಯೇ ನೋಡಬೇಕು. ಬಳೆಗೆ ಸೀಮೆಸುಣ್ಣ ಬಳಿದು ಟೋಪಿಯನ್ನು ಇಳಿಸಿ ಎತ್ತಿದರೆ ಗುರುತು ಬೀಳದ ಜಾಗವೇ ಸೋರುವ ಜಾಗ. ಕಡ್ಡಿಯ ತಿರುಪಿನ ಗುಂಟ ಇಳಿಯುವ ಹನಿಗೆ ದಪ್ಪ ಗ್ರೀಸ್ ಸಾಕು. ತೆರೆದಿರುವಾಗ ಇದು ಮಳೆಯನ್ನಷ್ಟೇ ತಡೆಯಬಲ್ಲದು, ಅಲೆಯನ್ನಲ್ಲ. ಸೌರ ಫ್ಯಾನಿನ ವೆಂಟಿಲೇಟರುಗಳ ಸ್ಥಿತಿಯೂ ಅದೇ: ಅವು ಬಂದರಿನಲ್ಲಿ ಕಟ್ಟಿದ ದೋಣಿಗೆ ಒಳ್ಳೆಯವು, ತೆರೆದ ಸಮುದ್ರಕ್ಕೆ ಹೊರಡುವಾಗ ಅವನ್ನು ಎತ್ತಿಟ್ಟು ಮುಚ್ಚಳ ಹಾಕಬೇಕು. ಎಂಜಿನ್ ಕೋಣೆಗೆ ಗಾಳಿ ಕೊಡುವ ಚಿಪ್ಪಿನಾಕಾರದ ಮುಸುಕುಗಳು ಹಿಂದಕ್ಕೆ ಮುಖ ಮಾಡಿರುವುದರಿಂದ ಹಿಂದಿನಿಂದ ಬರುವ ಅಲೆಗೆ ಸುಲಭದ ತುತ್ತು. ಅವುಗಳ ಒಳಗಿನ ಹೋಸ್ ನೇರವಾಗಿ ಕೆಳಗಿಳಿಯದೆ, ಮೊದಲು ಡೆಕ್ಕಿನ ಅಡಿಗೆ ತಾಗುವಷ್ಟು ಮೇಲಕ್ಕೇರಿ ಬಾಗಿ ಇಳಿಯುವಂತಿರಬೇಕು.

ಯಾವಾಗ ಮುಚ್ಚಬೇಕು

ಎಲ್ಲ ದುರಸ್ತಿಯ ನಂತರವೂ ಒಂದು ಸನ್ನಿವೇಶದಲ್ಲಿ ಡೊರೇಡ್ ಸೋಲುತ್ತದೆ. ಸಿಡಿನೀರಲ್ಲ, ಇಡೀ ಅಲೆಯೇ ಡೆಕ್ಕಿನ ಮೇಲೆ ಉರುಳಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ 10 ಸೆಂ.ಮೀ. ಕುತ್ತಿಗೆಯೊಳಕ್ಕೆ ನುಗ್ಗಿದರೆ ಅರ್ಧ ಸೆಕೆಂಡಿನಲ್ಲಿ ಸುಮಾರು 12 ಲೀಟರ್, ಎಂದರೆ ಇಡೀ ಪೆಟ್ಟಿಗೆಯಷ್ಟು ನೀರು ಒಳಬರುತ್ತದೆ. ಯಾವ ಅಳತೆಯ ತೂಬೂ ಅದನ್ನು ನಿಭಾಯಿಸದು, ಮುಂದಿನ ಅಲೆ ಕೆಲವೇ ಸೆಕೆಂಡುಗಳಲ್ಲಿ ಬಂದಿರುತ್ತದೆ. ಹಾಯಿಕಂಬಕ್ಕಿಂತ ಮುಂದಿರುವ ಪೆಟ್ಟಿಗೆಗಳಿಗೆ ಇದು ಮೊದಲು ಸಂಭವಿಸುತ್ತದೆ. ತುಂತುರು ಹೆಚ್ಚಾದಾಗ ಕೌಲಿನ ಬಾಯಿಯನ್ನು ಹಿಂದಕ್ಕೆ ತಿರುಗಿಸುವುದು ಮೊದಲ ಹೆಜ್ಜೆ. ಆಗ ಅದು ಗಾಳಿಯನ್ನು ಒಳಕ್ಕೆ ತಳ್ಳುವ ಬದಲು ಹೊರಕ್ಕೆ ಎಳೆಯುತ್ತದೆ, ಕ್ಯಾಬಿನ್ನಿನ ಗಾಳಿಯಾಟ ನಿಲ್ಲುವುದಿಲ್ಲ. ಡೆಕ್ಕಿನ ಮೇಲೆ ಅಲೆ ಉರುಳತೊಡಗಿದ ಮೇಲೆ ಕೌಲನ್ನು ತೆಗೆದು ಮುಚ್ಚಳವನ್ನು ತಿರುಪಿ ಬಿಗಿಯಬೇಕು. ಆ ಹೊತ್ತಿನಲ್ಲಿ ಮುಂಭಾಗದ ಡೆಕ್ಕಿಗೆ ಹೋಗುವುದು ಅಪಾಯಕರವಾದ್ದರಿಂದ ಒಳಗಿನಿಂದಲೇ ಮುಚ್ಚಬಹುದಾದ ಎರಡನೆಯ ತಿರುಪು ತಟ್ಟೆ ಕೊಳವೆಯ ಕೆಳತುದಿಯಲ್ಲಿ ಇರಲೇಬೇಕು. ಮುಚ್ಚಳಗಳ ತಿರುಪಿಗೆ ಗ್ರೀಸ್ ಹಚ್ಚಿ, ಅವನ್ನು ದಾರದಿಂದ ಕಟ್ಟಿ, ಕತ್ತಲಲ್ಲಿ ಕೈಗೆ ಸಿಗುವ ಒಂದೇ ಜಾಗದಲ್ಲಿ ಇಡಬೇಕು.

ಮುಚ್ಚಿದ ಕ್ಯಾಬಿನ್ನಿನಲ್ಲಿ ಸ್ಟವ್ ಅಥವಾ ಹೊಗೆಕೊಳವೆಯಿಲ್ಲದ ಹೀಟರ್ ಉರಿಸಬಾರದು; ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಗ್ಯಾಸ್ ಸಿಲಿಂಡರಿನ ಗೂಡು ಮತ್ತು ಪೆಟ್ರೋಲ್ ಎಂಜಿನ್ನಿನ ಕೋಣೆಯ ಗಾಳಿದಾರಿಗಳನ್ನು ಸೋರಿಕೆಯ ನೆಪದಲ್ಲಿ ಎಂದೂ ಶಾಶ್ವತವಾಗಿ ಮುಚ್ಚಬಾರದು.

ಮುಂಗಾರಿನ ತಿಂಗಳುಗಳಲ್ಲಿ ಮುಂಬಯಿಯ ಯಾಟ್‌ಗಳನ್ನು ದಡಕ್ಕೆಳೆದು ಟಾರ್ಪಾಲಿನ ಅಡಿ ಇಡುವಾಗ ಸಲಹೆ ತಿರುಗುಮುರುಗಾಗುತ್ತದೆ. ಅಲ್ಲಿ ಅಲೆಯಿಲ್ಲ, ಆದರೆ ತಿಂಗಳುಗಟ್ಟಲೆ ತೇವವಿದೆ, ಮತ್ತು ಎಲ್ಲವನ್ನೂ ಮುಚ್ಚಿಟ್ಟ ದೋಣಿಯಲ್ಲಿ ಹಾಸಿಗೆಗಳಿಗೂ ಹಾಯಿಗಳಿಗೂ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಗಳನ್ನು ತೆರೆದಿಟ್ಟು, ಕೌಲಿನ ಬಾಯಿಗಳನ್ನು ಮಳೆಗಾಳಿ ಬೀಸುವ ನೈಋತ್ಯಕ್ಕೆ ಬೆನ್ನಾಗುವಂತೆ ತಿರುಗಿಸಿ, ಟಾರ್ಪಾಲು ಅವುಗಳ ಮೇಲೆ ಕೂರದಂತೆ ಒಂದು ಅಡ್ಡಗಳದ ಮೇಲೆ ಎತ್ತಿ ಕಟ್ಟಬೇಕು. ಒಳಕೊಳವೆಯ ಕೆಳತುದಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿದರೆ ಹುಳಗಳು ಕ್ಯಾಬಿನ್ನಿಗೆ ಬಾರವು. ತೂಬಿನ ಬಾಯಿಗೆ ಮಾತ್ರ ಪರದೆ ಕಟ್ಟಬಾರದು, ಕಸ ಸಿಕ್ಕಿಕೊಳ್ಳುವುದೇ ಅಲ್ಲಿ. ಬದಲಿಗೆ ಸೆಪ್ಟೆಂಬರಿನಲ್ಲಿ ದೋಣಿಯನ್ನು ನೀರಿಗಿಳಿಸುವ ಮುನ್ನ ಒಮ್ಮೆ ತಂತಿ ಹಾಯಿಸಿ, ಒಂದು ಲೀಟರ್ ನೀರು ಸುರಿದು, ಅದು ಹೊರಬೀಳುವ ಹೊತ್ತನ್ನು ಹಿಂದಿನ ವರ್ಷ ಬರೆದಿಟ್ಟದ್ದರೊಡನೆ ಹೋಲಿಸಿ ನೋಡಬೇಕು.